ಹಿತ್ತಲಿಗೆ ಬಂದ ಹೊಸಬರು

ಕಾಲು ಮುರಿದುಕೊಂಡು ನಾನು ಮಲಗಿದ್ದು ಐದು ತಿಂಗಳು. ಅಷ್ಟೂ ದಿನ ನನ್ನ ಬಾಳೆ, ಕಾಫಿ, ದನ ಎಲ್ಲವನ್ನೂ ನೋಡಿಕೊಂಡವನು ಪಕ್ಕದ ತೋಟದ ಎಲಿನಾಮಿ, ತೀರಿಹೋದ ನನ್ನ ಗಂಡನ ತಮ್ಮ. ಈ ಕಿಲಿಮಂಜಾರೋ ಇಳಿಜಾರಿನಲ್ಲಿ ಇಂಥ ಮೈದುನ ಯಾರಿಗಿದ್ದಾನೆ ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದೆ. ನನ್ನ ಬಾಯಿಗೆ ಮಣ್ಣು ಬೀಳ.

ಸಂಜೆ ದನಕ್ಕೆ ಬಾಳೆದಿಂಡು ಹೆಚ್ಚಿ ಹಾಕಿ, ಕಿಟಕಿಯ ಹತ್ತಿರ ಕೂತು ಹಿತ್ತಲ ಸುದ್ದಿ ಹೇಳುತ್ತಿದ್ದ.

"ಅತ್ತಿಗೆ, ಇವತ್ತು ಹೊಸಬರು ಬಂದವ್ರೆ."

"ಯಾರೋ?"

"ಒಂದು ಹಕ್ಕಿ. ಬೆಣ್ಣೆಹಣ್ಣಿನ ಮರದಲ್ಲಿ ಕೂತಿತ್ತು."

"ಯಾವ ಬಣ್ಣ?"

"ಕೂತಾಗ ನೀಲಿ. ಹಾರಿದ್ರೆ ರೆಕ್ಕೆಯೊಳಗೆ ಕೆಂಪು."

"ಬುರುಡೆ ಬಿಡ್ಬೇಡ."

"ಎದ್ದು ಬಂದು ನೋಡು ಮತ್ತೆ. ಮಲಗಿ ಮಲಗಿ ಬಾಳೆಗೊನೆ ಥರ ಆಗಿದೀಯ."

ಇನ್ನೊಂದು ದಿನ ಪೊಟರೆಗೆ ಜೇನು ಬಂತು. ಮತ್ತೊಂದು ದಿನ ಮೂರು ಕೊಂಬಿನ ಊಸರವಳ್ಳಿ. ಕಾಲುವೆಯ ದಂಡೆಯಲ್ಲಿ ಹೆಸರೇ ಗೊತ್ತಿಲ್ಲದ ಒಂದು ಜರಿಗಿಡ. ಯಾವುದು ಬಂದರೂ ನಾನು ಯಾವ ಬಣ್ಣ ಎಂದು ಕೇಳುತ್ತಿದ್ದೆ. ಅಷ್ಟು ಹೊತ್ತು ಕಾಲಿನ ನೋವು ಮರೆಯುತ್ತಿತ್ತು.

ಹೋದ ವಾರ ಮೊದಲ ಸಲ ಕೋಲೂರಿಕೊಂಡು ಹಿತ್ತಲಿಗೆ ಹೋದೆ. ಅವನು ಹೇಳಿದ್ದೆಲ್ಲ ನಿಜ. ಪೊಟರೆಯಲ್ಲಿ ಜೇನು ಗುಂಯ್ಗುಡುತ್ತಿತ್ತು, ಹಕ್ಕಿ ನನ್ನ ತಲೆಯ ಮೇಲೇ ಕೆಂಪು ರೆಕ್ಕೆ ಬಿಚ್ಚಿ ಹಾರಿತು. ಖುಷಿಗೆ ಕಣ್ಣು ತುಂಬಿ ಬಂತು. ಆಮೇಲೆ ಅವನು ಹೇಳದೆ ಬಿಟ್ಟದ್ದು ಕಣ್ಣಿಗೆ ಬಿತ್ತು.

ಇಸಾಲೆ ಗಿಡಗಳ ಒಂದು ಎಳೆಯ ಸಾಲು.

ನಮ್ಮಲ್ಲಿ ಎರಡು ತೋಟದ ನಡುವೆ ಇಸಾಲೆ ನಿಂತರೆ ಅದೇ ಗಡಿ. ಕಿತ್ತವರಿಗೆ ಶಾಪ. ನಮ್ಮ ಹಳೆಯ ಸಾಲು ಕಾಲುವೆಯ ದಂಡೆಯಲ್ಲಿತ್ತು. ಈಗ ಅಲ್ಲಿ ಗುಂಡಿ ಮುಚ್ಚಿ, ಮೇಲೆ ಒಣಬಾಳೆಲೆ ಹಾಸಿತ್ತು. ಹೊಸ ಸಾಲು ಹನ್ನೊಂದು ಹೆಜ್ಜೆ ನನ್ನ ಕಡೆಗೆ ಬಂದಿತ್ತು. ಬೆಣ್ಣೆಹಣ್ಣಿನ ಮರ ಆಚೆ. ಮರದ ಬುಡದಲ್ಲಿ ನನ್ನ ಗಂಡನ ಸಮಾಧಿ ಆಚೆ. ಸಮಾಧಿಯ ಪಕ್ಕ ನನಗೆಂದು ಬಿಟ್ಟುಕೊಂಡಿದ್ದ ಜಾಗವೂ ಆಚೆ.

ಎಲಿನಾಮಿಯನ್ನು ಕೂಗಿ ಕರೆದೆ. ಬಂದವನು ಇಲ್ಲ ಎನ್ನಲಿಲ್ಲ.

"ನಿಂಗೆ ಗಂಡುಮಕ್ಕಳಿಲ್ಲ ಅತ್ತಿಗೆ. ಯಾವತ್ತಿದ್ರೂ ನಂಗೇ ಬರೋದು."

"ನಾನು ಸಾಯೋವರೆಗೂ ಕಾಯೋಕಾಗ್ಲಿಲ್ವಾ?"

ಅವನು ತಲೆ ತಗ್ಗಿಸಿಕೊಂಡು ಹೋದ.

ಮರುದಿನ ಬೆಳಗ್ಗೆ ಕುಲದ ಹಿರಿಯ ಕುಂಡಾಯೆಲಿಯವರನ್ನು ಕರೆದುಕೊಂಡು ಬಂದ. ಕೈಯಲ್ಲಿ ಗಂಟು ಹಾಕಿದ ಇಸಾಲೆ ಎಲೆ. ಆ ಎಲೆ ಹಿಡಿದು ಬಂದವನು ಏನೇ ಮಾಡಿರಲಿ, ಕ್ಷಮಿಸದೆ ಕಳಿಸುವಂತಿಲ್ಲ. ನನ್ನ ಅಜ್ಜಿ ತನ್ನ ಮಗನನ್ನು ಕೊಂದವನಿಗೂ ಕ್ಷಮೆ ಕೊಟ್ಟಿದ್ದಳು. ಇವನು ತಂದ ಎಲೆ ಎಳೆಯದು, ತೊಟ್ಟು ಇನ್ನೂ ಹಸಿ. ಹೊಸ ಸಾಲಿನಿಂದಲೇ ಕಿತ್ತಿದ್ದ.

ನಾನು ಎಲೆ ತೆಗೆದುಕೊಂಡೆ.

"ಕ್ಷಮಿಸಿದೀನಿ. ಈಗ ಆ ಸಾಲು ಕೀಳು."

ಕುಂಡಾಯೆಲಿ ಅಡ್ಡಡ್ಡ ತಲೆಯಾಡಿಸಿದರು. "ಇಸಾಲೆ ಕೀಳು ಅನ್ನೋ ಮಾತು ನನ್ನೆದುರಿಗೆ ಆಡ್ಬೇಡಮ್ಮ."

"ಹಳೇ ಸಾಲು ಇವನು ಕೀಳ್ಲಿಲ್ವಾ?"

"ಅದಕ್ಕೇ ಅಲ್ವಾ ಎಲೆ ತಂದಿರೋದು. ನೀನು ತಗೊಂಡೆ, ಅಲ್ಲಿಗೆ ಮುಗೀತು."

ಆಗ ನನಗೆ ಅರ್ಥವಾಯಿತು. ಮೊದಲ ಗಿಡ ನೆಡುವಾಗಲೇ ಅವನಿಗೆ ಈ ಎಲೆಯ ನೆನಪಿತ್ತು. ಕಿಟಕಿಯ ಹತ್ತಿರ ಕೂತು ಹಕ್ಕಿಯ ಬಣ್ಣ ಹೇಳುತ್ತಿದ್ದಾಗ ಅವನ ಉಗುರಿನಲ್ಲಿ ಆ ಸಾಲಿನ ಮಣ್ಣೇ ಇತ್ತು. ನಂಬಿಸಿ ಕತ್ತು ಕೊಯ್ದಿದ್ದ, ಕ್ಷಮೆಯನ್ನೂ ನನ್ನ ಕೈಯಿಂದಲೇ ಇಸಿದುಕೊಂಡ.

ಹೊರಟವನು ಬಾಗಿಲಲ್ಲಿ ನಿಂತ. ಮುಖ ಹಗುರಾಗಿತ್ತು. ಹಳೆಯ ಅಭ್ಯಾಸ ಬಿಡಲಿಲ್ಲ.

"ಅತ್ತಿಗೆ, ಅಣ್ಣನ ಸಮಾಧಿ ಹತ್ರ ಬಳ್ಳೀಲಿ ಒಂದು ಹೊಸ ಗೂಡು. ಎರಡು ಮೊಟ್ಟೆ ಇದೆ."

ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ಯಾವ ಬಣ್ಣ ಎಂದು ನಾನು ಕೇಳಲಿಲ್ಲ.