ಚಿಕ್ಕ ತಲೆಯ ನೋಟು

ದೊಡ್ಡ ನದಿಯ ದಡದ ನಮ್ಮೂರು ಎಂಬಂಡಾಕಾದ ದೋಣಿಕಟ್ಟೆಯಲ್ಲಿ ದುಡ್ಡು ಬದಲಾಯಿಸಿಕೊಡುವವರ ಪಕ್ಕ ಯಾರೂ ಕೂರುವುದಿಲ್ಲ. ಬರುತ್ತಾರೆ, ನಿಂತುಕೊಂಡೇ ಡಾಲರ್ ಕೊಡುತ್ತಾರೆ, ಫ್ರಾಂಕ್ ಎಣಿಸಿಕೊಳ್ಳುತ್ತಾರೆ, ಹೋಗುತ್ತಾರೆ. ಮೇಜಿನ ಮೇಲೆ ದುಡ್ಡು ಹರಡಿರುವಾಗ ಪಕ್ಕದಲ್ಲಿ ಯಾರಾದರೂ ಕೂತಿದ್ದು, ಸಂಜೆ ಲೆಕ್ಕ ತಪ್ಪಿದರೆ ಮೊದಲ ಅನುಮಾನ ಅವರ ಮೇಲೆಯೇ. ಹಾಗಾಗಿ ನನ್ನ ಸ್ವಂತ ತಂಗಿ ಬಂದರೂ ಆಚೆಯೇ ನಿಂತು ನಾಲ್ಕು ಮಾತಾಡಿ ಹೋಗುತ್ತಾಳೆ. ಇದು ನಮ್ಮ ಕಟ್ಟೆಯ ರೀತಿ, ಒಳ್ಳೆಯ ರೀತಿಯೇ. ಆದರೆ ಈ ಒಳ್ಳೆಯ ರೀತಿಯ ದೆಸೆಯಿಂದ ನಾನು ಅಷ್ಟು ಜನರ ನಡುವೆ ವರ್ಷಗಟ್ಟಲೆ ಒಬ್ಬಳೇ ಕೂತಿದ್ದೇನೆ.

ನನ್ನ ಹೆಸರು ಬೊಲುಂಬು. ಗಂಡ ತೀರಿಕೊಂಡ ಮೇಲೆ ಅವನ ಕೊಡೆ, ಮೇಜು, ಬೀಗದ ಪೆಟ್ಟಿಗೆ ನನ್ನ ಪಾಲಿಗೆ ಬಂದವು. ಮಕ್ಕಳಿಲ್ಲ. ಬಾಡಿಗೆಯ ಒಂದು ಕೋಣೆ, ಒಂದು ಒಲೆ, ಒಂದು ತಟ್ಟೆ. ದಿನವಿಡೀ ಮಾತಾಡುತ್ತೇನೆ ನಿಜ, ಆದರೆ ಆಡುವುದೆಲ್ಲ ಬರೀ ಅಂಕಿ.

ಕಟ್ಟೆಯಲ್ಲಿ ನನಗೊಂದು ಹೆಸರಿದೆ, ಕೆಟ್ಟ ಹೆಸರೆಂದರೂ ಸರಿಯೇ. ನಮ್ಮ ಫ್ರಾಂಕಿಗೆ ಮೀನಿನ ವಾಸನೆ ಹತ್ತಿರಲಿ, ತಾಳೆಎಣ್ಣೆ ಮೆತ್ತಿರಲಿ, ಹರಿದು ಅಂಟಿಸಿದ್ದಿರಲಿ, ಯಾರೂ ತಕರಾರು ಮಾಡುವುದಿಲ್ಲ. ಪರದೇಶದ ಡಾಲರ್ ಮಾತ್ರ ಮದುವಣಗಿತ್ತಿಯ ಹಾಗೆ ಕಳೆಕಳೆಯಾಗಿರಬೇಕು. ಅಂಚು ಕೂದಲೆಳೆಯಷ್ಟು ಹರಿದಿದ್ದರೂ ಬೇಡ, ಗೀಟು ಬಿದ್ದಿದ್ದರೂ ಬೇಡ. ನಾನಂತೂ ಪ್ರತಿ ನೋಟನ್ನೂ ಬಿಸಿಲಿಗೆ ಹಿಡಿದು, ಸೂಜಿಮೊನೆಯ ತೂತು ಕಂಡರೂ ವಾಪಸ್ ಕೊಡುತ್ತೇನೆ. ಬೊಲುಂಬು ಬೇಡ ಅಂದ ನೋಟನ್ನು ಬೇರೆ ಯಾರೂ ಮುಟ್ಟುವುದಿಲ್ಲ.

ಬೇಸಿಗೆಯ ಒಂದು ದಿನ, ರಾಜಧಾನಿ ಕಿನ್ಶಾಸಾಕ್ಕೆ ಹೋಗುವ ದೊಡ್ಡ ದೋಣಿಗೆ ಸಾಮಾನು ಏರುತ್ತಿತ್ತು. ಸಂಜೆಯೊಳಗೆ ಬಿಡುವುದೆಂದು ಕೂಗುತ್ತಿದ್ದರು. ಆಗ ಒಬ್ಬರು ಹಿರಿಯರು ನನ್ನ ಮೇಜಿನ ಮುಂದೆ ಬಂದು ನಿಂತರು. ಹಳೆಯ ಅಂಗಿ, ಆದರೆ ಕತ್ತಿನವರೆಗೆ ಗುಂಡಿ ಹಾಕಿ ಚೆನ್ನಾಗಿ ಇಸ್ತ್ರಿ ಮಾಡಿದ್ದು. ಹೆಗಲಲ್ಲೊಂದು ಬಟ್ಟೆಯ ಚೀಲ. ಅದರಿಂದ ದಾರ ಸುತ್ತಿದ ಎರಡು ರಟ್ಟು ತೆಗೆದರು, ದಾರ ಬಿಚ್ಚಿದರು, ನಡುವಿನಿಂದ ನೂರು ಡಾಲರಿನ ಒಂದು ನೋಟನ್ನು ಎರಡು ಬೆರಳಲ್ಲಿ ಎತ್ತಿದರು.

"ತಂಗೀ, ಇದಕ್ಕೆ ಫ್ರಾಂಕ್ ಕೊಡು. ನೋಡು, ಒಂದು ಮಡಿಕೆ ಇಲ್ಲ."

ನಿಜವೇ. ಅಷ್ಟು ಚೆಂದದ ನೋಟು ನನ್ನ ಕೈಗೆ ಬಂದು ಎಷ್ಟೋ ಕಾಲವಾಗಿತ್ತು. ಆದರೆ ಬಿಸಿಲಿಗೆ ಹಿಡಿಯುವ ಅಗತ್ಯವೇ ಇರಲಿಲ್ಲ.

"ಯಜಮಾನ್ರೇ, ಇದು ಚಿಕ್ಕ ತಲೆ."

"ಯಾರ ತಲೆ?"

"ನೋಟಿನ ಮೇಲಿದಾನಲ್ಲ, ಅವನ ತಲೆ. ಈಗ ದೊಡ್ಡ ತಲೆ ನೋಟು ಮಾತ್ರ ನಡೆಯೋದು. ಇದು ಹಳೇ ಕಾಲದ್ದು. ಇಲ್ಲಿ ಯಾರೂ ತಗೊಳಲ್ಲ."

"ಒಂದು ಮಡಿಕೇನೂ ಇಲ್ವಲ್ಲ?"

"ಮಡಿಕೆ ಕಟ್ಟಿಕೊಂಡು ಏನಾಗಬೇಕು? ತಲೆ ಚಿಕ್ಕದು ಅಂದ್ರೆ ಚಿಕ್ಕದು. ಹಿಂದೆ ಜನ ಇದಾರೆ, ಜಾಗ ಬಿಡಿ."

ಅವರು ಸಾಲಿನಲ್ಲಿ ದುಡ್ಡು ಬದಲಾಯಿಸುವ ಉಳಿದವರ ಬಳಿಗೂ ಹೋದರು. ಕೊನೆಯ ಕೊಡೆಯ ಪಿಚು ಮಾತಿಗೆ ಕಡಿವಾಣವಿಲ್ಲದವನು. ಇಡೀ ಕಟ್ಟೆಗೆ ಕೇಳುವಂತೆ ಕೂಗಿದ: "ಬೊಲುಂಬಕ್ಕ ಬೇಡ ಅಂದಿದ್ದನ್ನ ನನಗ್ಯಾಕೆ ತರ್ತೀರಾ ಅಜ್ಜಾ? ಮನೇಲಿಟ್ಟು ನೀರು ಹಾಕಿ, ತಲೆ ಬೆಳೆದ ಮೇಲೆ ತಗೊಂಬನ್ನಿ!" ಜನ ನಕ್ಕರು. ದೋಣಿಯ ಟಿಕೆಟ್ಟಿನವನು ನೋಟನ್ನು ದೂರದಿಂದ ನೋಡಿಯೇ ಕೈಯಾಡಿಸಿಬಿಟ್ಟ.

ಅವರು ನೇರ ವಾಪಸ್ ಬಂದು, ನನ್ನ ಪಕ್ಕದಲ್ಲಿ ಬೋರಲು ಬಿದ್ದಿದ್ದ ಎಣ್ಣೆ ಡಬ್ಬದ ಮೇಲೆ ಕೂತುಬಿಟ್ಟರು. ಮೀನಿನವರು, ಸೌದೆಯವರು ಎಲ್ಲರೂ ತಿರುಗಿ ನೋಡಿದರು.

"ಏಳಿ, ಏಳಿ! ಇಲ್ಲಿ ಕೂರಬಾರದು. ದುಡ್ಡು ಹರಡಿರೋದು ಕಾಣ್ತಿಲ್ವಾ?"

"ಎಲ್ಲಿಗೆ ಹೋಗ್ಲಿ ತಂಗೀ? ಕಾಲು ನಿಲ್ತಾ ಇಲ್ಲ." ಎರಡೂ ಅಂಗೈಗಳನ್ನು ಮೇಲೆ ಮಾಡಿ ಮಂಡಿಯ ಮೇಲಿಟ್ಟುಕೊಂಡರು. "ನೋಡು, ನನ್ನ ಕೈ ಇಲ್ಲಿವೆ. ಎಲ್ಲರಿಗೂ ಕಾಣ್ಸುತ್ತೆ. ಇಲ್ಲಿಂದ ಅಲ್ಲಾಡಿಸಲ್ಲ."

ಬೈಯಲು ಬಾಯಿ ತೆರೆದವಳ ಕಣ್ಣು ಅವುಗಳ ಮೇಲೆ ಬಿತ್ತು. ಆ ಅಂಗೈಗಳ ತುಂಬ ಸೂಜಿ ಚುಚ್ಚಿದ ಹಳೆಯ ಗುರುತುಗಳಿದ್ದವು.

ಹೆಸರು ಲೊಫೆಂಬೆ, ಇಂಗೆಂಡೆಯ ಕಡೆಯ ದರ್ಜಿ. ಹೆಂಡತಿ ಎಯೆಂಗಾ ಹೊಟ್ಟೆಯಲ್ಲಿ ಗಡ್ಡೆಯಾಗಿ ಕಿನ್ಶಾಸಾದಲ್ಲಿ ಅಕ್ಕನ ಮಗಳ ಮನೆಗೆ ಹೋಗಿದ್ದಳಂತೆ. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿ, ಹಾಗೆಯೇ ಹೊಲಿದು ಕಳಿಸಿದರಂತೆ. ಬೇಗ ಬಾ ಚಿಕ್ಕಪ್ಪಾ ಎಂದು ಆ ಹುಡುಗಿ ಫೋನಿನಲ್ಲಿ ಅತ್ತಿದ್ದಳು.

"ಈ ನೋಟು ಎಲ್ಲಿಂದ ಬಂತು?" ಎಂದೆ.

"ಮರದ ವ್ಯಾಪಾರಕ್ಕೆ ಬಂದಿದ್ದ ಒಬ್ಬ ಪರದೇಶದವನಿಗೆ ಸೊಳ್ಳೆಪರದೆ ಹೊಲಿದುಕೊಟ್ಟಿದ್ದೆ. ಅವನ ಹತ್ತಿರ ಚಿಲ್ಲರೆ ಇರಲಿಲ್ಲ, ಖುಷಿಯಲ್ಲಿ ಇದನ್ನೇ ಕೊಟ್ಟುಬಿಟ್ಟ. ಇದು ನಾವಿಬ್ರೂ ಕಿನ್ಶಾಸಾ ನೋಡೋಕೆ ಹೋಗೋ ದುಡ್ಡು, ಮುಟ್ಟೋ ಹಾಗಿಲ್ಲ ಅಂದ್ಲು ಅವಳು. ರಟ್ಟಿನ ನಡುವೆ ಇಟ್ಟು, ಮೇಲೆ ಬಟ್ಟೆಗಂಟು ಹೇರಿದ್ಲು. ಚಾವಣಿ ಹಾರಿಹೋದಾಗ ಮುಟ್ಲಿಲ್ಲ. ನನ್ನ ಹೊಲಿಗೆಯಂತ್ರ ಮಾರಿದ್ವಿ, ಆಗ್ಲೂ ಮುಟ್ಲಿಲ್ಲ."

"ಆಸ್ಪತ್ರೆಗೆ ಹೋಗುವಾಗ?"

"ಆಗ್ಲೂ ಇಲ್ಲ. ತವರಿನವರ ಹತ್ತಿರ ಕೇಳಿ ಹೋದ್ಲು. ಇದು ಇರ್ಲಿ, ನೀನು ನನ್ನ ಹತ್ತಿರ ಬರೋಕೆ ಬೇಕಾಗುತ್ತೆ ಅಂದ್ಲು."

ಆ ಹೆಂಗಸಿನ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ಚಿಕ್ಕ ತಲೆ ನಿಂತುಹೋಗುತ್ತದೆ ಎಂಬ ಸುದ್ದಿ ಬಂದಾಗ ಈ ಕಟ್ಟೆಯಲ್ಲಿ ಜನ ಮುಗಿಬಿದ್ದು ಬದಲಾಯಿಸಿಕೊಂಡಿದ್ದರು. ಇವಳು ಇಂಗೆಂಡೆಯಲ್ಲಿ ಕೂತು, ಮಡಿಕೆ ಬೀಳದಂತೆ ಬಟ್ಟೆಗಂಟು ಹೇರುತ್ತಿದ್ದಳು. ಅಷ್ಟು ಜೋಪಾನ ಮಾಡಿ ಕಾಪಾಡಿದ್ದು ಏನನ್ನು? ಬೈಯಬೇಕೆನಿಸಿತು. ಆದರೆ ಬೈಸಿಕೊಳ್ಳಬೇಕಾದವಳು ನದಿಯ ಆ ತುದಿಯಲ್ಲಿ ಮಲಗಿದ್ದಳು.

ಗಿರಾಕಿಗಳು ಬಂದರು, ಹೋದರು. ನಾನು ಎಣಿಸುವಾಗ ಲೊಫೆಂಬೆ ನದಿಯ ಕಡೆ ನೋಡುತ್ತಿದ್ದರು. ಬಿಸಿಲು ನೆತ್ತಿಗೆ ಬಂದಾಗ ಕೇಳಿದರು: "ಊಟ ಆಯ್ತಾ ತಂಗೀ?"

ಈ ಮಾತನ್ನು ನನ್ನನ್ನು ಕೊನೆಯದಾಗಿ ಯಾರು ಕೇಳಿದ್ದರೋ ನೆನಪಾಗಲಿಲ್ಲ. ಇಲ್ಲ ಅಂದೆ.

"ಚೀಲದಲ್ಲಿ ಕ್ವಾಂಗಾ ಇದೆ, ಹೊಗೆ ಹಾಕಿದ ಮೀನೂ ಇದೆ. ಕೈ ಎತ್ತಬಹುದಾ?"

ನನಗೆ ನಗು ತಡೆಯಲಾಗಲಿಲ್ಲ. "ಎತ್ತಿ ಮಾರಾಯ್ರೇ, ಎತ್ತಿ!"

ಎಲೆ ಬಿಚ್ಚಿ, ಮರಗೆಣಸಿನ ಆ ಮುದ್ದೆಯನ್ನು ಮುರಿದು ದೊಡ್ಡ ಪಾಲನ್ನು ನನಗೆ ಕೊಟ್ಟರು. ತಿಂದಾದ ಮೇಲೆ ಕೈ ಒರೆಸಿಕೊಂಡು ಮತ್ತೆ ಮಂಡಿಯ ಮೇಲೆ ಅಂಗೈ ಮೇಲೆ ಮಾಡಿ ಇಟ್ಟುಕೊಂಡರು. ನನ್ನ ಗಂಡ ಹೇಗಿದ್ದ, ಕೊಡೆಗೆ ತೇಪೆ ಹಾಕಿದವರು ಯಾರು, ಒಬ್ಬಳೇ ಇದ್ದರೆ ಜ್ವರ ಬಂದಾಗ ನೀರು ಕೊಡುವವರು ಯಾರು, ಎಲ್ಲ ಕೇಳಿದರು. ಆ ಮಧ್ಯಾಹ್ನ ಹೇಗೆ ಕಳೆಯಿತೋ ತಿಳಿಯಲಿಲ್ಲ. ಈ ದೋಣಿ ತಪ್ಪಿದರೆ ಮುಂದಿನದು ಯಾವಾಗಲೋ ಗೊತ್ತಿಲ್ಲ, ಅಲ್ಲಿಯವರೆಗೆ ಇವರು ದಿನವೂ ಇಲ್ಲೇ ಕೂರುತ್ತಾರಲ್ಲ ಎಂಬ ಆಸೆಯೂ ನನ್ನೊಳಗೆ ಹೊಕ್ಕಿತು. ಒಬ್ಬರೇ ಉಂಡು ಒಬ್ಬರೇ ಮಲಗುವವರಿಗೆ ಇದು ಅರ್ಥವಾದೀತು.

ಅಷ್ಟರಲ್ಲಿ ದೋಣಿಯ ಕೊಂಬು ಕೂಗಿತು. ಲೊಫೆಂಬೆ ಎದ್ದು ನಿಂತರು.

"ತಂಗೀ, ಕಿನ್ಶಾಸಾಕ್ಕೆ ನಡ್ಕೊಂಡು ಹೋಗೋ ದಾರಿ ಇದೆಯಾ?"

ಕಾಲಿಟ್ಟರೆ ಹೂತುಹೋಗುವ ಜೌಗು ಕಾಡು ಅದು. ಅವರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಕೇಳಿದರು.

"ಕೊಡಿ ಆ ನೋಟು," ಎಂದೆ.

"ನಡೆಯಲ್ಲ ಅಂದ್ಯಲ್ಲ?"

"ನಡೆಯಲ್ಲ. ಈಗ್ಲೂ ಹೇಳ್ತೀನಿ, ನಡೆಯಲ್ಲ. ನಾನು ಕೊಂಡ್ಕೋತಿದೀನಿ. ದಾನ ಅಲ್ಲ, ಸಾಲ ಅಲ್ಲ, ವ್ಯಾಪಾರ. ಮಾತಾಡ್ಬೇಡಿ, ನನ್ನ ಲೆಕ್ಕ ತಪ್ಪುತ್ತೆ."

ನೋಟನ್ನು ರಟ್ಟುಗಳ ಸಮೇತ ತೆಗೆದುಕೊಂಡು, ದೊಡ್ಡ ತಲೆಗೆ ಕೊಡುವ ದರದಲ್ಲೇ ಪೂರ್ತಿ ಎಣಿಸಿದೆ. ಪೆಟ್ಟಿಗೆಯ ತಳ ಕಂಡಿತು. ಆಮೇಲೆ ಅವರ ದುಡ್ಡನ್ನು ಪಾಲು ಮಾಡಿ ಕೈಗಿಟ್ಟೆ. "ಇದು ಟಿಕೆಟ್ಟಿಗೆ. ಈ ಚಿಲ್ಲರೆ ಮೇಲಿನ ಜೇಬಲ್ಲಿ. ದಾರೀಲಿ ದೋಣಿ ನಿಂತಲ್ಲೆಲ್ಲ ಯಾರಾದ್ರೂ ಕೈ ಚಾಚ್ತಾರೆ, ಇಲ್ಲಿಂದ್ಲೇ ಕೊಡಿ. ಎಲ್ಲರ ಮುಂದೆ ಉಳಿದ ದುಡ್ಡು ತೆಗೀಬೇಡಿ." ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಖಾಲಿಯಾದ ಎಲೆಯೊಳಗಿಟ್ಟು ನಾರಿನಿಂದ ಕಟ್ಟಿ, ಉಳಿದ ಕ್ವಾಂಗಾಗಳ ನಡುವೆ ಸೇರಿಸಿದೆ. "ಎಷ್ಟೇ ಹಸಿವಾದ್ರೂ ಇದನ್ನ ಮಾತ್ರ ಬಿಚ್ಬೇಡಿ."

ಅವರು ಏನೋ ಹೇಳಲು ಹೊರಟರು. "ಹೋಗಿ, ದೋಣಿ ಹತ್ತೋ ಹಲಗೆ ಎಳೀತಿದಾರೆ!" ಎಂದು ಗದರಿದೆ. ಹೋದರು.

ದೋಣಿ ತಿರುವು ದಾಟುವ ಮೊದಲೇ ಪಿಚು ಓಡಿ ಬಂದ. "ಅಕ್ಕಾ, ಬಿಸಿಲು ಹೊಡೀತಾ ನಿನಗೆ? ಚಿಕ್ಕ ತಲೆ ತಗೊಂಡ್ಯಾ?" ಮರುದಿನದಿಂದ ಹರಿದ ಡಾಲರ್ ಇದ್ದವರೆಲ್ಲ ನನ್ನ ಮೇಜಿಗೇ ಬರತೊಡಗಿದರು. ಅದನ್ನು ತಗೊಂಡವಳು ಇದನ್ನು ಯಾಕೆ ತಗೊಳ್ಳಲ್ಲ ಎಂಬ ಜಗಳ. ನಾನೂ ಬಿಡಲಿಲ್ಲ, ಗಂಟಲು ಕಟ್ಟುವಷ್ಟು ಕೂಗಾಡಿದೆ. ಬಹಳ ದಿನ ಎಣ್ಣೆಯಿಲ್ಲದ ಸೊಪ್ಪು ಬೇಯಿಸಿಕೊಂಡು ತಿಂದೆ. ಅದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಖಾಲಿ ಡಬ್ಬ. ಮೊದಲೆಲ್ಲ ಅದು ಬರೀ ಡಬ್ಬವಾಗಿತ್ತು, ಈಗ ಅಲ್ಲಿ ಒಬ್ಬರು ಇಲ್ಲ ಎಂಬುದು ಕಾಣುತ್ತಿತ್ತು. ಮೀನಿನವಳು ಕೇಳಿದಾಗ ಕೊಡಲಿಲ್ಲ.

ಮಳೆ ಶುರುವಾದ ಮೇಲೆ, ಮೋಡ ಬಿಟ್ಟಿದ್ದ ಒಂದು ಬೆಳಿಗ್ಗೆ ಕಿನ್ಶಾಸಾ ಕಡೆಯಿಂದ ದೋಣಿ ಬಂತು. ಇಳಿದವರಲ್ಲಿ ಲೊಫೆಂಬೆ ಇದ್ದರು. ತಲೆ ಬೋಳಿಸಿದ್ದರು. ನಾನು ಕೇಳಬೇಕಾದದ್ದು ಏನೂ ಉಳಿಯಲಿಲ್ಲ.

ಮೇಜಿನ ಆಚೆ ನಿಂತೇ ಹೇಳಿದರು: "ಸಿಕ್ಕಿದ್ಲು ತಂಗೀ. ಮಾತಾಡ್ತಿದ್ಲು. ನನ್ನ ನೋಡಿದವಳು ಮೊದಲು ಕೇಳಿದ್ದೇ, ನೋಟು ನಡೀತಾ ಅಂತ."

"ಏನಂದ್ರಿ?"

"ಎಂಬಂಡಾಕಾದಲ್ಲಿ ಬೊಲುಂಬು ಅಂತ ಒಬ್ಬಳಿದಾಳೆ, ಸೂಜಿಯಷ್ಟು ತೂತಿದ್ರೂ ಮುಖಕ್ಕೆ ಎಸೀತಾಳೆ, ಅಂಥವಳೇ ಪೂರ್ತಿ ಬೆಲೆಗೆ ತಗೊಂಡ್ಲು ಅಂದೆ. ಎಷ್ಟು ಖುಷಿಯಾಯ್ತು ಗೊತ್ತಾ ಅವಳಿಗೆ! ನಾನು ಇಟ್ಟಿದ್ದೇ ಹಾಗೆ, ಯಾರು ಬೇಡ ಅಂತಾರೆ ಅಂದ್ಲು. ನೋಡೋಕೆ ಬಂದವರಿಗೆಲ್ಲ ಅದನ್ನೇ ಹೇಳಿದ್ಲು. ಹೋಗೋವರೆಗೂ ಹೇಳ್ತಾನೇ ಇದ್ಲು."

ಪೆಟ್ಟಿಗೆಯ ತಳದಿಂದ ನೋಟಿದ್ದ ಆ ರಟ್ಟುಗಳನ್ನು ತೆಗೆದು ಮುಂದೆ ಹಿಡಿದೆ. "ಅವರು ಇಟ್ಟಿದ್ದು. ತಗೊಳ್ಳಿ."

ಕೈ ಚಾಚಿದವರು ಹಿಂದಕ್ಕೆ ತಗೊಂಡರು. "ಬೇಡ. ಅವಳ ಪಾಲಿಗೆ ಅದು ನಡೆದ ನೋಟು. ನಾನು ವಾಪಸ್ ತಗೊಂಡ್ರೆ ನಡೀಲಿಲ್ಲ ಅಂತಾಗುತ್ತೆ."

ನಾನು ಅದನ್ನು ಮತ್ತೆ ಒಳಗಿಟ್ಟೆ. ಇಂಗೆಂಡೆಯ ಕಡೆಗೆ ದೋಣಿ ನಾಳೆ ಎಂದು ಹೇಳಿದೆ. ಅವರು ಡಬ್ಬದ ಕಡೆ ನೋಡಿದರು. "ಸ್ವಲ್ಪ ಹೊತ್ತು ಕೂರ್ಲಾ?" ಎಂದು ಕೇಳಿ, ಕೂತರು. ಕೂತ ಕೂಡಲೇ, ಯಾರೂ ಹೇಳದಿದ್ದರೂ, ಎರಡೂ ಅಂಗೈ ಮೇಲೆ ಮಾಡಿ ಮಂಡಿಯ ಮೇಲಿಟ್ಟುಕೊಂಡರು. ಕೈಗಳು ಬಹಳ ಸೊರಗಿದ್ದವು.

ದೋಣಿಯಿಂದ ಇಳಿದವರು ಡಾಲರ್ ಹಿಡಿದು ನನ್ನ ಮೇಜಿನ ಮುಂದೆ ಸಾಲಾಗಿ ನಿಂತಿದ್ದರು. ನಾನು ಫ್ರಾಂಕಿನ ಕಟ್ಟುಗಳನ್ನು ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ಹಾಕಿದೆ, ಬೀಗ ಜಡಿದೆ, ಮೇಜನ್ನು ಉಟ್ಟ ಬಟ್ಟೆಯ ಅಂಚಿನಿಂದ ಒರೆಸಿದೆ.

"ಅಕ್ಕಾ, ದೋಣಿ ಬಂದಿರೋ ಹೊತ್ತಲ್ಲಿ ಮುಚ್ತೀಯಾ? ಹುಷಾರಿದೀಯಾ?" ಪಿಚು ಆ ತುದಿಯಿಂದ ಕೂಗಿದ.

"ಮುಚ್ಚಿದೀನಿ. ಎಲ್ರನ್ನೂ ನೀನೇ ಕರ್ಕೋ."

ಸಾಲು ಗೊಣಗುತ್ತ ಅತ್ತ ಸರಿಯಿತು. ನಾನು ನನ್ನ ಮಣೆಯನ್ನು ಡಬ್ಬದ ಹತ್ತಿರಕ್ಕೆ ಎಳೆದುಕೊಂಡು ಕೂತೆ.

"ಅಣ್ಣಾ, ಇಲ್ಲಿ ಈಗ ದುಡ್ಡಿಲ್ಲ," ಎಂದೆ. "ಕೈ ಎಲ್ಲಿ ಬೇಕಾದ್ರೂ ಇಟ್ಕೊಳ್ಳಿ."

ಅವರು ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡರು.