ಬಾಪುಸಾಹೇಬರ ಸಾಕ್ಷಿ

ಶೇಡಬಾಳದ ಬಾಪುಸಾಹೇಬರು ನೆಲ ನೋಡದೆ ಹೆಜ್ಜೆ ಇಟ್ಟವರಲ್ಲ. ಇರುವೆಯೊಂದು ಕಾಲಡಿ ಸತ್ತೀತೆಂಬ ಹಳೆಯ ಜೈನ ಅಂಜಿಕೆ. ಕಬ್ಬಿನ ದರಕ್ಕಾಗಿ ನಮ್ಮ ರೈತ ಸಂಘಟನೆ ತೆಗೆದ ಮೆರವಣಿಗೆಗಳಲ್ಲೂ ಬಗ್ಗಿದ ಕತ್ತು, ಹೆಗಲ ಮೇಲೆ ಮಾಸಿದ ಹಸಿರು ಟವೆಲ್ಲು, ಎಲ್ಲರಿಗಿಂತ ಹತ್ತು ಮಾರು ಹಿಂದೆ.

"ಕಾಕಾ, ಕ್ರಾಂತಿ ಮುಗದ ಮ್ಯಾಲೆ ಬರ್ತೀರೇನ್ರಿ?" ಎಂದು ನಾನು ಕಿಚಾಯಿಸುತ್ತಿದ್ದೆ.

"ನೀವು ಮುಂದ ನಡೀರಿ. ನೀವು ತುಳದದ್ದನ್ನ ನೋಡಾಕ ಒಬ್ಬಾಂವ ಹಿಂದ ಬೇಕಲಾ."

ಅವರ ಒಬ್ಬನೇ ಮಗ ಸಮ್ಮೇದ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಧರಣಿ ಕೂತಿದ್ದ. ಕಾರ್ಖಾನೆಯನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಪುಢಾರಿಯ ಮಾತಿನ ಮೇರೆಗೆ ಸಮ್ಮೇದನ ಮೇಲೆ ಟ್ರ್ಯಾಕ್ಟರ್ ಹತ್ತಿತು; ಹುಡುಗ ಅಲ್ಲೇ ಸತ್ತ. ಕಾಗದದಲ್ಲಿ ಅದು ಅಪಘಾತವಾಯಿತು. ಪುಢಾರಿ ಮುಂದಿನ ಚುನಾವಣೆ ಗೆದ್ದ. ಅಥಣಿಯ ಸತ್ಕಾರ ಸಮಾರಂಭದಲ್ಲಿ ಹಾರ ಇನ್ನೂ ಅವನ ಕೊರಳಲ್ಲಿರುವಾಗಲೇ ನಮ್ಮ ಸಂಘಟನೆಯ ಧರೆಪ್ಪ ಕಬ್ಬು ಕಡಿಯುವ ಕೊಯ್ತಾದಿಂದ ಅವನನ್ನು ಕಡಿದುಹಾಕಿದ. ಸುದ್ದಿ ಕೇಳಿ ನಾನು ನಮ್ಮೂರು ಮುಗಳಖೋಡದಲ್ಲಿ ಪೇಢೆ ಹಂಚಿದೆ. ಸುಳ್ಳೇಕೆ ಬರೆಯಲಿ?

ಧರೆಪ್ಪನನ್ನು ಕೇಸಿನಿಂದ ಬಿಡಿಸಲು ಜನರ ಮೊಬೈಲಿನ ವಿಡಿಯೋ ಅಳಿಸಿಹಾಕಿಸಿದೆವು, ಸಾಕ್ಷಿಗಳನ್ನು ತಿರುಗಿಸಿದೆವು. ಅಂದು ವೇದಿಕೆಯ ಎದುರಿಗೇ ನಿಂತಿದ್ದ ಬಾಪುಸಾಹೇಬರೊಬ್ಬರೇ ಉಳಿದರು. ನಮ್ಮ ವಕೀಲರು ಅವರಿಗೆ ಹೇಳಿಕೊಟ್ಟದ್ದು ಬಲು ಹಗುರವಾದ ಮಾತು: ನಾನು ಸದಾ ನೆಲ ನೋಡುವವ, ಏನೂ ಕಾಣಲಿಲ್ಲ. ಮೂರು ತಾಲೂಕು ಅದನ್ನು ನಂಬುತ್ತಿತ್ತು.

ಧರೆಪ್ಪನ ಹೆಂಡತಿ ಕಾಳವ್ವ ಬಾಪುಸಾಹೇಬರ ಅಂಗಳದಲ್ಲಿ ಕುಕ್ಕರಿಸಿದಳು. "ಅಣ್ಣಾ, ನಿಮ್ಮ ಮಗನ ಸಲುವಾಗಿ ಕೈ ಎತ್ಯಾನ್ರಿ."

"ನನ್ನ ಮಗನ ಹೆಸರ ತಗೊಂಡ ಎತ್ಯಾನವ್ವಾ. ನನ್ನ ಕೇಳಿದ್ದಿಲ್ಲ."

ನನಗೆ ತಡೆಯಲಾಗಲಿಲ್ಲ. "ಕಾಕಾ, ಸತ್ತಾಂವ ಮನಷಾ ಅಲ್ರಿ, ಹುಳ!"

"ಹುಳಾ ಇದ್ರೂ ದಾಟಿ ಹೋಗಾಂವಲೇ ನಾ."

ಕಟಕಟೆಯಲ್ಲಿ ನಿಂತು, ಧರೆಪ್ಪನ ಮುಖವನ್ನೇ ನೋಡುತ್ತ ಹೇಳಿದರು: "ಅವತ್ತ ತಲಿ ಎತ್ತಿ ನೋಡೇನ್ರಿ. ಕಡದಾಂವ ಇಂವನ."

ಧರೆಪ್ಪನಿಗೆ ಜೀವಾವಧಿಯಾಯಿತು. ಬಾಪುಸಾಹೇಬರು ಕಳಿಸಿದ ಜೋಳವನ್ನು ಕಾಳವ್ವ ಬೀದಿಗೆ ಚೆಲ್ಲಿದಳು. ಆ ಹಂಗಾಮಿನಲ್ಲಿ ಅವರ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗು ಬರಲಿಲ್ಲ. ಬರದಂತೆ ನೋಡಿಕೊಂಡವರಲ್ಲಿ ನಾನೂ ಒಬ್ಬ. ಕಬ್ಬು ಹೂಬಿಟ್ಟು, ಬೆಂಡಾಗಿ, ನಿಂತಲ್ಲೇ ಒಣಗಿತು. ಪುಢಾರಿಯ ಕುರ್ಚಿಯಲ್ಲಿ ಅವನ ತಮ್ಮ ಕೂತ.

ಆದರೂ ಆ ಕೊಲೆ ತಪ್ಪೆಂಬ ಮಾತು ಇವತ್ತಿಗೂ ನನ್ನ ಗಂಟಲಿನಿಂದ ಸಲೀಸಾಗಿ ಹೊರಡುವುದಿಲ್ಲ. ಬಾಪುಸಾಹೇಬರಂಥವರು ಯಾವ ಚಳವಳಿಗೂ ಒಗ್ಗುವವರಲ್ಲ. ನಮ್ಮೆಲ್ಲರ ದುಃಖವನ್ನು ನಮಗಿಂತ ಹೆಚ್ಚು ಉಂಡವರು, ನಮ್ಮ ಸೇಡಿಗೆ ಮಾತ್ರ ಸಹಿ ಹಾಕಲು ಒಲ್ಲದವರು. ಅಂಥವರನ್ನು ನಾವು ದ್ರೋಹಿಗಳೆನ್ನುತ್ತೇವೆ. ಕೊಂದದ್ದು ನ್ಯಾಯವೆಂದು ನಾವು ನಿಜಕ್ಕೂ ನಂಬಿದ್ದರೆ, ಕಂಡದ್ದನ್ನು ಹೇಳುವ ಒಬ್ಬ ಮುದುಕನಿಗೆ ಅಷ್ಟು ಹೆದರಬೇಕಾಗಿರಲಿಲ್ಲ.