ಕಾರು ನಿಲ್ಲದ ನೆಲ

ನೊರೆ ಒಡೆಯುತ್ತಿದೆ, ಮಾಪ್ ಎಳೆದ ದಾರಿಯುದ್ದಕ್ಕೂ ಒಂದೊಂದೇ ಗುಳ್ಳೆ ಸದ್ದಿಲ್ಲದೆ ಒಡೆದು ಬೂದು ಚೌಕ, ಕಪ್ಪು ಚೌಕ, ಮತ್ತೆ ಬೂದು ಚೌಕ ಹೊಳೆಯುತ್ತ ಕಾಣಿಸಿಕೊಳ್ಳುತ್ತವೆ, ಒರೆಸಿದ್ದನ್ನೇ ಎಷ್ಟು ಸಲ ಒರೆಸುವುದು, ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮ ನೆಲ ನೋಡಲು ಬರುತ್ತಾರೆಂದು ಒರೆಸಿದ್ದಾಯಿತು, ಈಗ ಅವರು ಬಂದು ಹೋದರೆಂದು ಒರೆಸುತ್ತಿದ್ದಾನೆ, ಕೈಗೊಂದು ಕೆಲಸ ಬೇಕು, ಕೈ ಸುಮ್ಮನಾದರೆ ಕಣ್ಣು ಷಟರಿನ ಕಡೆ ಹೋಗುತ್ತದೆ, ಅಲ್ಲಿ ಗೋಡೆ, ಗೋಡೆಗೆ ಊರಿದ ಅಪ್ಪನ ಒಂದು ಕೈ, ಇನ್ನೊಂದು ಕೈಯಲ್ಲಿ ಜೋಡಿ ಶೂ — ಬೇಡ, ನೆಲ ನೋಡು, ನೆಲ. ನೆಲ ಚೆನ್ನಾಗಿದೆ. ಇಡೀ ಬೀದಿಯಲ್ಲಿ ಇಷ್ಟು ಚೆನ್ನಾಗಿರುವ ಗ್ಯಾರೇಜಿನ ನೆಲ ಇನ್ನೊಂದಿಲ್ಲ, ಅದು ಅವನ ಅಂಗಡಿಯ ಬಂಡವಾಳ, ಒಂದಕ್ಕೊಂದು ಹಲ್ಲು ಕೂರಿಸಿ ಜೋಡಿಸುವ ಪ್ಲಾಸ್ಟಿಕ್ ಟೈಲ್ಸ್, ಅಂಟು ಬೇಡ, ಸಿಮೆಂಟು ಬೇಡ, ರಬ್ಬರ್ ಸುತ್ತಿಗೆಯಿಂದ ಎರಡು ಏಟು ಹಾಕಿದರೆ ಕೂತಿತು, ಎಬ್ಬಿಸಬೇಕೆಂದರೆ ಮೂಲೆ ಹಿಡಿದು ಎಳೆದರೆ ಎದ್ದಿತು. ಬಕೆಟ್ ನೀರಿಗೆ ಎರಡೇ ಮುಚ್ಚಳ ಸೋಪು ಸಾಕು ಮೇಡಂ, ಆಸಿಡ್ ಮಾತ್ರ ಮುಟ್ಟಿಸ್ಬೇಡಿ, ಆಗಾಗ ಬಾಗ್ಲ ಕಡೆಯಿಂದ ಒಂದು ಸಾಲು ಎಬ್ಬಿಸಿ ಅಡಿಗೆ ಸೇರಿದ ಮಣ್ಣು ತೊಳೀರಿ, ಕಾರಿಗೆ ಜಾಕ್ ಹಾಕೋವಾಗ ಕೆಳಗೊಂದು ಹಲಗೆ ಇಡಿ, ಗೋಡೆ ಬುಡದಲ್ಲಿ ಬೆರಳಗಲ ಜಾಗ ಬಿಟ್ಟಿರ್ತೀವಿ, ಅಸಹ್ಯ ಅಂತ ಮುಚ್ಚಿಸ್ಬೇಡಿ, ಬಿಸಿಲಿಗೆ ನೆಲ ಉಬ್ಬುತ್ತೆ, ಅದಕ್ಕೂ ಉಸಿರಾಡೋಕೆ ಜಾಗ ಬೇಕಲ್ವಾ. ಇಷ್ಟೂ ನಿಜ. ಒಂದಕ್ಷರ ಸುಳ್ಳಿಲ್ಲ. ನಾಲಿಗೆಗೆ ರೂಢಿಯಾದ ಪಾಠ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಿಯಾನು, ಆಮೇಲೆ ಬರುವ ಮಾತೇ ಬೇರೆ, ನೋಡಿ ಮೇಡಂ, ನಮ್ಮನೇದೇ ಇದು, ಅಂಗಡಿ ಶುರು ಮಾಡಿದ ವರ್ಷ ಹಾಸಿದ್ದು, ದಿನಾ ಕಾರು ಬರುತ್ತೆ ದಿನಾ ಹೋಗುತ್ತೆ, ಒಂದು ಗೆರೆ ತೋರಿಸಿ ನೋಡೋಣ.

ಎಲ್ಲಿಂದ ಬರಬೇಕು ಗೆರೆ. ಕಾರು ಬೀದಿಯಲ್ಲಿದೆ. ಬಿಸಿಲಿಗೆ ಬೆಂದು ಅದರ ತಲೆಯ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿದೆ, ಹಕ್ಕಿಗಳು ಅದನ್ನು ತಮ್ಮದೇ ಎಂದುಕೊಂಡಿವೆ, ಎದುರುಮನೆಯವರು ಕೇಳುವುದನ್ನೂ ಬಿಟ್ಟಿದ್ದಾರೆ. ಹಾಸಿದ ಹೊಸದರಲ್ಲಿ ಒಳಗೇ ನಿಲ್ಲಿಸಿದ್ದ, ನಿಲ್ಲಿಸಲಿಲ್ಲ ಎಂದಲ್ಲ, ತಿಂಗಳು ತುಂಬುವ ಮೊದಲೇ ಬಿಸಿ ಟೈರಿನ ಕೆಳಗೆ ನಾಲ್ಕು ಕಂದು ಗುರುತು ಬಿದ್ದವು, ಸೋಪು ಹಾಕಿ ತಿಕ್ಕಿದ, ಸೀಮೆಎಣ್ಣೆ ಹಾಕಿ ತಿಕ್ಕಿದ, ಹೆಂಡತಿಯ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ, ಹೋಗಲಿಲ್ಲ, ಆ ಟೈಲ್ಸುಗಳನ್ನು ಎಬ್ಬಿಸಿ ಮೂಲೆಯಲ್ಲಿದ್ದ ಬೀರುವಿನ ಅಡಿಗೆ ಸೇರಿಸಿ ಬೀರುವಿನಡಿಯ ಹೊಸದನ್ನು ಇಲ್ಲಿಗೆ ತಂದು ಕೂರಿಸಿದ, ನಾಳೆ ಯಾರೋ ಗಿರಾಕಿ ಬರ್ತಾರೆ, ಎರಡು ದಿನ ಹೊರಗಿರಲಿ ಅಂದ. ಆ ಎರಡು ದಿನ ಇನ್ನೂ ಮುಗಿದಿಲ್ಲ. ಇದು ನೆಲ ಅಲ್ಲ ಕಣ್ರೀ, ನನ್ನ ಸವತಿ, ಎನ್ನುತ್ತಾಳೆ ಹೆಂಡತಿ, ಕಡ್ಲೆ ಇದ್ದೋರಿಗೆ ಹಲ್ಲಿರಲ್ಲ, ಹಲ್ಲಿದ್ದೋರಿಗೆ ಕಡ್ಲೆ ಇರಲ್ಲ, ನಮ್ಮಲ್ಲಿ ಎರಡೂ ಇದೆ, ಬಾಯಿ ಹೊಲ್ಕೊಂಡು ಕೂತಿದೀವಿ. ನಗುತ್ತಲೇ ಹೇಳಿದ್ದಳು, ಅವನೂ ನಕ್ಕಿದ್ದ, ಅಪ್ಪನೂ ನಕ್ಕಿದ್ದ, ಆಗ ಅಪ್ಪನ ಮಂಡಿ ಇಷ್ಟು ಕೆಟ್ಟಿರಲಿಲ್ಲ. ಮನೆಯ ಮುಂಬಾಗಿಲಿಗೆ ಮೆಟ್ಟಿಲು, ಮೆಟ್ಟಿಲು ಹತ್ತಲಾಗದೆ ಅಪ್ಪ ಗ್ಯಾರೇಜಿನಿಂದಲೇ ಒಳಗೆ ಹೊರಗೆ ಓಡಾಡತೊಡಗಿದರು, ಆಗ ಒಂದು ದಿನ, ಯಾರೋ ಕಟ್ಟಡದ ಕಂಟ್ರಾಕ್ಟರು ಬಂದಿದ್ದಾಗ, ಅಪ್ಪ ಮಣ್ಣು ಮೆತ್ತಿದ ಶೂನಲ್ಲಿ ಒಳಗೆ ಕಾಲಿಟ್ಟಾಗ, ಅಪ್ಪಾ ಶೂ, ಅಂದುಬಿಟ್ಟ. ಗಟ್ಟಿಯಾಗಿ. ಶಾಲೆಯ ಹುಡುಗನಿಗೆ ಮೇಷ್ಟ್ರು ಹೇಳಿದ ಹಾಗೆ. ಅಷ್ಟೇ, ಅದೊಂದೇ ಸಲ, ಎರಡನೇ ಸಲ ಹೇಳಿಸಿಕೊಳ್ಳುವ ಮನುಷ್ಯರಲ್ಲ ಅವರು, ಅಂದಿನಿಂದ ಷಟರಿನ ಹೊರಗೇ ನಿಂತು, ಗೋಡೆಗೆ ಕೈ ಊರಿ, ಬಗ್ಗಲು ಬಾರದ ಮಂಡಿಯನ್ನು ಹಾಗೇ ನೆಟ್ಟಗಿಟ್ಟು ಒಂದು ಪಾದದ ತುದಿಯಿಂದ ಇನ್ನೊಂದರ ಹಿಮ್ಮಡಿ ಒತ್ತಿ ಒಂದು ಶೂ ಬಿಚ್ಚುವುದು, ಉಸಿರು ತೆಗೆದುಕೊಳ್ಳುವುದು, ಇನ್ನೊಂದನ್ನು ಬಿಚ್ಚುವುದು, ಎರಡನ್ನೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನೆಲ ದಾಟುವುದು. ಹೊರಗೆ ಹೋಗುವಾಗಲೂ ಅಷ್ಟೇ, ಕೈಯಲ್ಲಿ ಹಿಡಿದು ದಾಟಿ ಆಚೆ ಹೋಗಿ ತೊಡುವುದು. ಅವನು ನೋಡಿದ್ದಾನೆ. ದಿನವೂ ನೋಡಿದ್ದಾನೆ. ಬೇಡಪ್ಪ ಹಾಗೇ ಬನ್ನಿ ಎನ್ನಲು ಎಷ್ಟು ಹೊತ್ತು, ಬಾಯಿಂದ ಮುತ್ತು ಉದುರುತ್ತಿತ್ತೇ, ಅನ್ನಲಿಲ್ಲ, ನೆಲ ಚೊಕ್ಕಟವಾಗಿ ಉಳಿಯುತ್ತಿತ್ತಲ್ಲ, ಒಳಗೊಳಗೇ ಅನುಕೂಲವೇ ಆಗಿತ್ತು, ಥೂ.

ಡಾಕ್ಟರಮ್ಮ ಒಳ್ಳೆಯವರು, ಅದೇ ಕಷ್ಟ. ಜಗಳಗಂಟಿಯಾಗಿದ್ದರೆ, ಚೌಕಾಸಿ ಮಾಡುವವರಾಗಿದ್ದರೆ ಅವರಿಗೆ ಟೋಪಿ ಹಾಕಿದೆ ಎಂದು ಒಂದು ಸಮಾಧಾನವಾದರೂ ಇರುತ್ತಿತ್ತು. ಸೀರೆ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿ ಕೂತರು, ಟೈಲ್ಸಿನ ಸಂದಿಯಲ್ಲಿ ಉಗುರು ಆಡಿಸಿದರು, ಅವನ ವಸಡನ್ನೇ ಮುಟ್ಟಿದಂತಾಯಿತು, ನಮ್ಮಮ್ಮ ಗಾಲಿಕುರ್ಚೀಲಿ ಓಡಾಡೋದು, ಗ್ಯಾರೇಜಿಂದಾನೇ ಒಳಗೆ ಹೋಗ್ಬೇಕು, ಒಂದು ಟೈಲ್ ಮೂಲೆ ಎದ್ರೂ ಗಾಲಿ ಸಿಕ್ಕಿ ಬಿದ್ದುಬಿಡ್ತಾರೆ, ಅದಕ್ಕೇ ಹೊಸದು ಬೇಡ, ಹೊಸದು ಎಲ್ರೂ ತೋರಿಸ್ತಾರೆ, ಬಳಸಿ ಹಳೇದಾಗಿರೋ ನೆಲ ತೋರಿಸಿ ಅಂದೆ. ಅವನು ತೋರಿಸಿದ. ಇದನ್ನೇ ತೋರಿಸಿದ. ಆಗಲಾದರೂ ಬುದ್ಧಿ ಬೇಡವೇ, ಹಾಲಿನ ವ್ಯಾನಿನವನ ಗ್ಯಾರೇಜು ಎರಡು ಬೀದಿ ಆಚೆಗಿದೆ, ಅವನಿಗೂ ಇದೇ ಮಾಲು ಹಾಸಿದ್ದು, ಬೆಳಗಿನಿಂದ ಸಂಜೆಯವರೆಗೆ ವ್ಯಾನು ಹತ್ತಿ ಇಳಿಯುತ್ತದೆ, ಕ್ರೇಟು ಎಳೆಯುತ್ತಾರೆ, ಎಣ್ಣೆ ಚೆಲ್ಲುತ್ತದೆ, ಟೈರಿನ ಗುರುತು ರಸ್ತೆಯ ಹಾಗೆ ಉದ್ದಕ್ಕೆ ಬಿದ್ದಿದೆ, ಎಮ್ಮೆ ಮಲಗಿ ಎದ್ದ ಜಾಗದಂತಿದೆ ಆ ನೆಲ, ಆದರೆ ಒಂದೇ ಒಂದು ಹಲ್ಲು ಸಡಿಲವಾಗಿಲ್ಲ, ಒಂದು ಮೂಲೆ ಎದ್ದಿಲ್ಲ, ಹೋದ ತಿಂಗಳೂ ಹೋಗಿ ಕಾಲಲ್ಲಿ ಒತ್ತಿ ನೋಡಿ ಬಂದಿದ್ದಾನೆ. ಅಲ್ಲಿಗೆ ಕರೆದುಕೊಂಡು ಹೋಗಿ, ನೋಡಿ ಮೇಡಂ, ಕಲೆ ಹೋಗಲ್ಲ, ಹಿಡಿತ ಬಿಡಲ್ಲ, ಎಂದಿದ್ದರೆ ಆಗಿತ್ತು. ಆಕೆಗೆ ಬೇಕಾಗಿದ್ದೂ ಅಷ್ಟೇ. ಒಬ್ಬ ಗಿರಾಕಿಯನ್ನೂ ಅವನು ಅಲ್ಲಿಗೆ ಕರೆದೊಯ್ದಿಲ್ಲ, ನಾಚಿಕೆ, ಕಲೆ ಕಂಡರೆ ನಾಚಿಕೆ, ದುಡಿದ ನೆಲ ತೋರಿಸಲು ನಾಚಿಕೆ, ಸುಮ್ಮನೆ ಬಿದ್ದುಕೊಂಡಿರುವ ನೆಲ ತೋರಿಸಲು ಹೆಮ್ಮೆ. ಡಾಕ್ಟರಮ್ಮ ಎದ್ದು ಕೈ ಝಾಡಿಸಿಕೊಂಡು, ಬಿಸಿ ಟೈರಿಗೆ ಕಂದು ಗುರುತು ಬೀಳುತ್ತೆ ಅಂತ ಎಲ್ಲೋ ಓದಿದ್ದೆ, ಇಲ್ಲಿ ಒಂದೂ ಇಲ್ವಲ್ಲ, ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ಬೀರುವಿನ ಕಡೆ ನೋಡಿದ. ಒರೆಸ್ತಾ ಇರ್ತೀವಿ ಮೇಡಂ, ಮನೆಯವಳಿಗೆ ಇದೇ ಕೆಲಸ. ಆಕೆ ನಂಬಿದರೋ ಇಲ್ಲವೋ, ಬಾಯಿ ತೆರೆದು ಕೂತ ರೋಗಿ ದಿನಾ ಹಲ್ಲುಜ್ಜುತ್ತೇನೆ ಎಂದಾಗ ಡಾಕ್ಟರುಗಳು ಮುಖ ಮಾಡುತ್ತಾರಲ್ಲ, ಹಾಗೆ ಮುಖ ಮಾಡಿದರು, ಅಷ್ಟರಲ್ಲಿ ಷಟರಿನ ಹೊರಗೆ ಅಪ್ಪ, ಬೆಳಗಿನ ನಡಿಗೆ ಮುಗಿಸಿ ಬಂದವರು, ಗೋಡೆಗೆ ಕೈ ಊರಿ ಒಂದು ಶೂ ಬಿಚ್ಚುತ್ತಿದ್ದಾರೆ, ಉಸಿರು ತೆಗೆದುಕೊಳ್ಳುತ್ತಿದ್ದಾರೆ, ಇನ್ನೊಂದು ಬಿಚ್ಚುತ್ತಿದ್ದಾರೆ.

ಯಜಮಾನ್ರೇ, ನೀವೇ ಹೇಳಿ, ದಿನಾ ಕಾರು ಇಲ್ಲೇ ನಿಲ್ಲುತ್ತಾ. ಎಷ್ಟು ಸಲೀಸಾಗಿ ಕೇಳಿದರು ಡಾಕ್ಟರಮ್ಮ. ಅಪ್ಪ ತಲೆ ಎತ್ತಿದರು, ಎರಡೂ ಶೂ ಕೈಯಲ್ಲಿ, ಡಾಕ್ಟರಮ್ಮನನ್ನು ನೋಡಿದರು, ಮಗನನ್ನು ನೋಡಿದರು, ಬೆನ್ನ ಹಿಂದೆ ಬೀದಿಯಲ್ಲಿ ಕಾರು ಬಿಸಿಲು ಕಾಯುತ್ತಿದೆ, ಆಗ ಅವನು ಏನು ಮಾಡಿದ, ನೆನಪು ಮಾಡಿಕೋ, ತಪ್ಪಿಸಿಕೊಳ್ಳಬೇಡ, ಇಲ್ಲಪ್ಪ ನಾನೇ ಹೇಳ್ತೀನಿ ಅಂದನೇ, ಬಾಯಿ ತೆರೆದನೇ, ಇಲ್ಲ, ಕಣ್ಣಲ್ಲಿ ಕೇಳಿಕೊಂಡ. ಹೂಂ ಅನ್ನಿ ಎಂದು ಕಣ್ಣಲ್ಲಿ ಕೇಳಿಕೊಂಡ. ಈ ಮನುಷ್ಯನನ್ನು. ಇಡೀ ಜೀವಮಾನ ಬಸ್ಸು ಓಡಿಸಿದವರು, ಒಂದೇ ಒಂದು ಸಲ ಡಿಪೋದ ಗೇಟಿನ ಕಂಬಕ್ಕೆ ಬಸ್ಸು ತಾಗಿಸಿದರು, ಬ್ರೇಕ್ ಹಿಡೀಲಿಲ್ಲ ಅಂತ ಬರೆದುಕೊಡಿ ಅಣ್ಣ, ಯಾರೂ ಕೇಳಲ್ಲ, ಎಂದು ಕಂಡಕ್ಟರು ಕೈಮುಗಿದು ಹೇಳಿದರೂ, ಬ್ರೇಕು ಸರಿಯಾಗೇ ಇತ್ತು ಸಾರ್, ನಂಗೇ ತೂಕಡಿಕೆ ಬಂತು, ಎಂದು ಮ್ಯಾನೇಜರ ಎದುರು ಹೇಳಿ, ಸ್ಟೀರಿಂಗ್ ಹಿಡಿಯುವ ಕೈಯಲ್ಲಿ ಪೊರಕೆ ಹಿಡಿದು ಒಂದು ವರ್ಷ ಬಸ್ಸು ತೊಳೆದರು. ಅಮ್ಮ ಅತ್ತಿದ್ದಳು, ಬ್ರೇಕ್ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು. ಅಪ್ಪ ತಟ್ಟೆಯಿಂದ ತಲೆ ಎತ್ತದೆ, ಬ್ರೇಕ್ ಏನೇ ತಪ್ಪು ಮಾಡಿತ್ತು ಪಾಪ. ಅಮ್ಮ ಅಳುತ್ತಲೇ ನಕ್ಕುಬಿಟ್ಟಿದ್ದಳು, ಈಗಿಲ್ಲ ಅವಳು, ಇಲ್ಲದ್ದೇ ಒಳ್ಳೆಯದಾಯಿತು, ಈ ಬೆಳಿಗ್ಗೆ ನೋಡುವುದಕ್ಕೆ ಅವಳಿರಲಿಲ್ಲವಲ್ಲ. ಅಪ್ಪ ಶೂಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. ಆಮೇಲೆ, ಹೂಂ ತಾಯಿ, ದಿನಾ ನಿಲ್ಲುತ್ತೆ, ನಾನೇ ಒಳಗೆ ನಿಲ್ಲಿಸೋದು, ಒಂದು ಟೈಲೂ ಅಲ್ಲಾಡಿಲ್ಲ. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟರು. ಕಣ್ಣು ಮಂಜಾಗಿ ಕಾರಿನ ಕೀ ಮುಟ್ಟಿ ಎಷ್ಟು ಕಾಲವಾಯಿತೋ, ನಾನೇ ನಿಲ್ಲಿಸೋದು ಎಂದರು. ಡಾಕ್ಟರಮ್ಮನ ಮುಖ ಅರಳಿತು, ದೊಡ್ಡೋರು ಹೇಳಿದ್ಮೇಲೆ ಇನ್ನೇನಿದೆ, ಬಂದು ಅಳತೆ ತಗೊಳ್ಳಿ, ಅಮ್ಮನಿಗೂ ಹೇಳ್ತೀನಿ, ಖುಷಿಪಡ್ತಾರೆ. ಅಪ್ಪ ತಲೆಯಾಡಿಸಿ ಬರಿಗಾಲಲ್ಲಿ ನೆಲ ದಾಟಿ ಒಳಗೆ ಹೋದರು, ಮಗನ ಪಕ್ಕದಲ್ಲೇ ಹೋದರು, ಮುಖ ನೋಡಲಿಲ್ಲ, ಶೂಗಳು ಅವನ ಪ್ಯಾಂಟನ್ನು ಸವರಿದವು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರೆ, ಬಾಯಿ ಬಿಡದ ಹಾಗೆ ಹಲ್ಲಿಗೆ ಹಲ್ಲು ಕೂರಿಸಿದವನು ಅವನೇ.

ಊಟಕ್ಕೆ ಕೂತರು ಅಪ್ಪ. ಬೈದಿದ್ದರೆ. ಎದ್ದು ಕಪಾಳಕ್ಕೆ ಬಿಟ್ಟಿದ್ದರೆ. ಉಪ್ಪು ಈ ಕಡೆ ಕೊಡಮ್ಮ ಎಂದು ಸೊಸೆಗೆ ಹೇಳಿ ಉಂಡೆದ್ದರು, ಹೆಂಡತಿ ಮಾತ್ರ ಅಡುಗೆಮನೆಯಲ್ಲಿ ತಡೆದು ನಿಲ್ಲಿಸಿ, ಮಾವನ ಬಾಯಲ್ಲಿ ಏನ್ ಹೇಳಿಸಿದ್ರಿ ನೀವು, ಎಂದಳು, ಸವತಿ ಎಂದಾಗಿನ ನಗು ಇರಲಿಲ್ಲ, ನಾನು ಹೇಳಿಸ್ಲಿಲ್ಲ, ಅವರೇ ಹೇಳಿದ್ರು, ಎಂದ ಇವನು. ಅವರೇ ಹೇಳಿದ್ರು. ಎಂಥ ಮಾತು. ಬ್ರೇಕ್ ಹಿಡಿಯಲಿಲ್ಲ ಎಂದ ಹಾಗೆ. ಮಾಪನ್ನು ಗೋಡೆಗೆ ಒರಗಿಸುತ್ತಾನೆ, ಇನ್ನು ಒರೆಸಲು ಏನೂ ಉಳಿದಿಲ್ಲ, ಫೋನ್ ಮಾಡಬೇಕು, ಮೇಡಂ ಅದು ಕಾರು ನಿಲ್ಲದ ನೆಲ, ನನ್ನ ಅಪ್ಪ ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿದ್ರು, ನೀವು ಹಾಲಿನ ವ್ಯಾನಿನವನ ನೆಲ ಬಂದು ನೋಡಿ, ಇಷ್ಟೇ ಹೇಳುವುದು, ಮೊಬೈಲು ಜೇಬಿನಲ್ಲೇ ಇದೆ, ಕೈ ಜೇಬಿಗೆ ಹೋಗಿ ಕಾರಿನ ಕೀ ಹಿಡಿದುಕೊಂಡು ಬರುತ್ತದೆ, ಮೊದಲು ಕಾರು ಒಳಗೆ ಬರಲಿ, ಆಮೇಲೆ ಫೋನು. ಬೀದಿಗೆ ಹೋದ, ಬಾಗಿಲು ತೆಗೆದರೆ ಒಳಗೆ ಕುಲುಮೆ, ಸೀಟು ಸುಡುತ್ತದೆ, ಸುಡಲಿ, ರಿವರ್ಸ್ ತೆಗೆದು ತಿರುಗಿಸಿ ಷಟರಿನೊಳಗೆ ನುಗ್ಗಿಸಿದ, ಒದ್ದೆ ನೆಲದ ಮೇಲೆ ಟೈರು ಕಿರ್ ಎಂದು ಕೂಗಿತು, ನಿಂತಿತು. ಇಳಿದು ನೋಡುತ್ತಾನೆ, ಉದ್ದಕ್ಕೆ ಎರಡು ಕೊಳಕು ಪಟ್ಟೆ, ಸರಿ, ಈಗ ನಿಲ್ಲುತ್ತದೆ, ದಿನಾ ನಿಲ್ಲುತ್ತೆ ಎಂದರಲ್ಲ ಅಪ್ಪ, ಇವತ್ತಿನಿಂದ ಅದು ನಿಜ, ಹಾಗಾದರೆ ಫೋನು ಯಾಕೆ, ಫೋನೇ ಬೇಡವಲ್ಲ — ಅಯ್ಯೋ, ನೋಡು ನಿನ್ನ ಬುದ್ಧಿ ಎಲ್ಲಿಗೆ ಹರಿಯಿತು, ತಪ್ಪು ಒಪ್ಪಿಕೊಳ್ಳಲು ಕಾರು ತಂದೆಯೋ, ತಪ್ಪಿನ ಮೇಲೆ ಕಾರು ನಿಲ್ಲಿಸಲು ತಂದೆಯೋ.

ಒಳಬಾಗಿಲು ಕಿರುಗುಟ್ಟುತ್ತದೆ. ಅಪ್ಪ. ಸಂಜೆಯ ನಡಿಗೆಗೆ ಹೊರಟಿದ್ದಾರೆ, ಹೊಸಿಲಲ್ಲಿ ನಿಂತು ಕಾರನ್ನು ನೋಡುತ್ತಾರೆ, ಪಟ್ಟೆಗಳನ್ನು ನೋಡುತ್ತಾರೆ, ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡುತ್ತಾರೆ, ಒಳಗೆ ತಂದ್ಯಾ, ಒಳ್ಳೇದಾಯ್ತು ಬಿಡು, ಪಾಪ ಬಿಸಿಲಲ್ಲಿ ಬೇಯ್ತಿತ್ತು. ಬೈಗುಳವಿಲ್ಲ, ಚುಚ್ಚುಮಾತಿಲ್ಲ, ಹುಡುಕಿದರೂ ಇಲ್ಲ. ಅಪ್ಪಾ, ಶೂ ಹಾಕ್ಕೊಂಡೇ ಬನ್ನಿ, ಎನ್ನುತ್ತಾನೆ, ಕೊನೆಗೂ ಬಾಯಿಂದ ಬಂತು, ಎಷ್ಟು ವರ್ಷದ ಮೇಲೆ ಬಂತು. ಬೇಡಪ್ಪ, ಈಗ ತಾನೇ ಒರೆಸಿದೀಯ. ಬರಿಗಾಲು ಒದ್ದೆ ನೆಲಕ್ಕೆ ಇಳಿಯುತ್ತದೆ, ಒಂದು ಕೈ ಕಾರಿನ ಮೇಲೆ ಊರಿಕೊಂಡು ಬರುತ್ತಾರೆ, ಅವನ ಪಕ್ಕಕ್ಕೆ ಬಂದು ನಿಲ್ಲುತ್ತಾರೆ, ದನಿ ತಗ್ಗಿಸುತ್ತಾರೆ, ತಪ್ಪು ಮಾಡಿದವರ ಹಾಗೆ, ಆ ತಾಯಿ ಇನ್ನೊಂದ್ಸಲ ಬರ್ತಾರೇನೋ, ಬರೋದಾದ್ರೆ ನಂಗೆ ಮೊದ್ಲೇ ಹೇಳಿರಪ್ಪ, ಏನ್ ಹೇಳ್ಬೇಕು ಅಂತ, ಇವತ್ತು ತಟ್ಟನೆ ಕೇಳಿಬಿಟ್ರು, ನಾನು ಸ್ವಲ್ಪ ತಡವರಿಸಿದೆ, ಅವರಿಗೆ ಗೊತ್ತಾಗಲಿಲ್ಲ ತಾನೇ. ಗೊತ್ತಾಗಲಿಲ್ಲ ತಾನೇ. ಅವನು ಏನೋ ಹೇಳಬೇಕು, ಈಗ, ಈಗಲೇ, ಅಪ್ಪ ಕಾಯುತ್ತಿದ್ದಾರೆ, ಮಂಜುಗಣ್ಣು ಅವನ ಮುಖದ ಮೇಲೆ, ಅವನ ಕಣ್ಣು ಅಲ್ಲಿ ನಿಲ್ಲಲಾರದೆ ಕೆಳಗೆ ಜಾರುತ್ತದೆ, ಭುಜ, ತೋಳು, ಮೊಣಕೈ, ಬೆರಳು, ಅಲ್ಲಿಂದ ಮುಂದೆ ಜಾರುವುದಿಲ್ಲ, ಅಪ್ಪನ ಕೈ, ಕೈಯಲ್ಲಿ ಶೂ, ಅಪ್ಪನ ಕೈಯಲ್ಲಿ ಜೋಡಿ ಶೂ.